ಮನೆಯಲ್ಲಿ ಎಸ್ಪ್ರೆಸೊ: ಯಾವ ಕಪ್, ಯಾವ ಬೀಜ?

ಬಸವನಗುಡಿ_ಬಿಸಿಲು

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಭಾವ ಅಮೆರಿಕಕ್ಕೆ ಹೊರಟರು, ಅವರ ಎಸ್ಪ್ರೆಸೊ ಮಷೀನ್ ನಮ್ಮ ಮನೆಗೆ ಬಂತು. ಸಣ್ಣದು. ಕಾಫಿಪುಡಿ ಹಾಕುವ ಬಾಸ್ಕೆಟ್ 51 ಮಿ.ಮೀ., ಡಬ್ಬದ ಮೇಲೆ ದೊಡ್ಡದಾಗಿ 15 ಬಾರ್ ಅಂತ ಬರೆದಿದೆ. ರಾತ್ರಿಯೇ ಡಿಕಾಕ್ಷನ್ ಹಾಕಿಟ್ಟು ಮಲಗುವ ಮನೆ ನಮ್ಮದು, ಹಾಗಾಗಿ ಇದರ ಗಂಧ ಗಾಳಿ ನನಗೆ ಗೊತ್ತಿಲ್ಲ.

ಬೀಜ ಆನ್‌ಲೈನ್‌ನಲ್ಲಿ ಅರ್ಧ ಕೆಜಿ ತರಿಸಿದೆ. ಪ್ಯಾಕೆಟ್ ನೋಡೋಕೆ ಲಗ್ನಪತ್ರಿಕೆ ಥರ ಇದೆ, ಆದರೆ ಯಾವತ್ತು ಹುರಿದರು ಅಂತ ಎಲ್ಲೂ ಇಲ್ಲ, ಇನ್ನೊಂದು ವರ್ಷದೊಳಗೆ ಬಳಸಿ ಅಂತ ಮಾತ್ರ ಇದೆ. ಮಾರಿದವರನ್ನು ಕೇಳಿದರೆ ‘ಎಲ್ಲಾ ಫ್ರೆಶ್ ಸಾರ್’ ಅಂದರು. ಮಿಕ್ಸಿಯಲ್ಲಿ ಪುಡಿ ಮಾಡಿ ಹಾಕಿದರೆ ಹನ್ನೆರಡೇ ಸೆಕೆಂಡಿಗೆ ಸರ್ರಂತ ಸುರಿದುಬಿಡುತ್ತದೆ. ಹುಳಿ, ನೀರು ನೀರು. ಕಪ್ ಅಂದರೆ ಮದುವೆಗೆ ಉಡುಗೊರೆ ಬಂದ ಚಿನ್ನದ ಅಂಚಿನ ಟೀ ಸೆಟ್. ಅದರ ತಳದಲ್ಲಿ ಎಸ್ಪ್ರೆಸೊ ಬೇಸಿಗೆಯ ಕೆರೆ ನೀರಿನ ಥರ ಕಾಣುತ್ತದೆ. ಬಾಯಿಗಿಡುವಷ್ಟರಲ್ಲಿ ಆರಿರುತ್ತದೆ.

ಕೇಳುವುದು ಎರಡೇ. ಕಪ್ ಎಂಥದ್ದು ತಗೊಳ್ಳಲಿ? ಬೀಜ ಎಂಥದ್ದು ತಗೊಳ್ಳಲಿ? ಹಾಲು ಹಾಕಿ ಕುಡಿ ಅಂತ ಮಾತ್ರ ಹೇಳಬೇಡಿ, ಹೆಂಡತಿ ಆಗಲೇ ಹೇಳಿದ್ದಾಳೆ.

ಲೋಟಡಬರಾ

ಹಾಲು ಹಾಕಿ ಕುಡಿ ಗುರು.

ತಮಾಷೆಗೆ ಹೇಳಿದೆ. ಮೊದಲು ಮಿಕ್ಸಿ ಬಿಡಿ. ಮಿಕ್ಸಿ ಬ್ಲೇಡು ಬೀಜವನ್ನು ಅರೆಯಲ್ಲ, ಹೊಡೆಯುತ್ತೆ. ಒಂದು ಚೂರು ರವೆ ಥರ, ಒಂದು ಚೂರು ಮೈದಾ ಥರ. ನೀರು ರವೆ ಇದ್ದ ಕಡೆ ದಾರಿ ಮಾಡಿಕೊಂಡು ಓಡಿಹೋಗುತ್ತೆ. ನೀವು ಕಪ್ ಬದಲಾಯಿಸಿದರೂ ಬೀಜ ಬದಲಾಯಿಸಿದರೂ ಇದು ಸರಿಹೋಗಲ್ಲ. ಕೈಯಲ್ಲಿ ತಿರುಗಿಸುವ ಗ್ರೈಂಡರ್ ಒಂದು ತಗೊಳ್ಳಿ, ಒಳಗೆ ಸ್ಟೀಲ್ ಹಲ್ಲು ಇರೋದು, ಎಸ್ಪ್ರೆಸೊ ಹದಕ್ಕೆ ನುಣ್ಣಗೆ ಬರುತ್ತೆ ಅಂತ ಸ್ಪಷ್ಟವಾಗಿ ಹೇಳಿರೋದು. ಮಷೀನ್ ಪುಕ್ಕಟೆ ಬಂದಿದೆಯಲ್ಲ, ಆ ದುಡ್ಡು ಇಲ್ಲಿ ಹಾಕಿ.

ಇನ್ನೊಂದು ವಿಷಯ. ಬಾಸ್ಕೆಟ್ ತಿರುಗಿಸಿ ತಳ ನೋಡಿ. ತುಂಬಾ ತೂತು ಕಾಣುತ್ತಾ, ಒಂದೇ ಒಂದು ಸಣ್ಣ ತೂತು ಇದೆಯಾ?

ಬಸವನಗುಡಿ_ಬಿಸಿಲು

ಮೇಲಿಂದ ನೋಡಿದರೆ ಜರಡಿ. ಕೆಳಗಿಂದ ಒಂದೇ ತೂತು, ಸೂಜಿ ಹೋಗುವಷ್ಟು. ಡಬ್ಬದಲ್ಲಿ ಇನ್ನೊಂದು ಬಾಸ್ಕೆಟ್ ಇದೆ, ಅದರಲ್ಲಿ ಎರಡೂ ಕಡೆ ಜರಡಿ.

ಲೋಟಡಬರಾ

ಅದೃಷ್ಟವಂತರು. ಒಂದೇ ತೂತಿನದ್ದು ಅಂಗಡಿ ಪುಡಿ ಬಳಸುವವರಿಗೆ. ಪುಡಿ ಹೇಗಿದ್ದರೂ ಆ ಸಣ್ಣ ತೂತೇ ಒತ್ತಡ ಹುಟ್ಟಿಸಿ ನೊರೆ ಎಬ್ಬಿಸುತ್ತೆ. ನೋಡೋಕೆ ಚಂದ, ಆದರೆ ಅದು ತೂತಿನ ನೊರೆ, ಕ್ರೇಮಾ, ಅಂದರೆ ಕಾಫಿಯೇ ಬಿಡುವ ಕಂದು ನೊರೆ ಅಲ್ಲ. ಎರಡೂ ಕಡೆ ಜರಡಿ ಇರೋದರಲ್ಲಿ ಪುಡಿಯೇ ನೀರನ್ನು ತಡೆದು ನಿಲ್ಲಿಸಬೇಕು. ಗ್ರೈಂಡರ್ ಬಂದ ಮೇಲೆ ಅದನ್ನೇ ಹಾಕಿ. 15 ಬಾರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಪಂಪು ಕೊಡಬಲ್ಲ ಒತ್ತಡದ ಅಳತೆ ಅಷ್ಟೆ. ಕಾಫಿಗೆ ಬೇಕಾಗೋದು 9 ಬಾರ್ ಆಸುಪಾಸು.

ಪೋ_ನದಿತೀರ

ನಾನು ಇಟಲಿಯ ತೂರಿನ್‌ನಲ್ಲಿ ಏಳು ವರ್ಷದಿಂದ ಇದ್ದೇನೆ, ಮನೆ ದಾವಣಗೆರೆ. ಏಂಜೆಲೊ ಮೊರಿಯೊಂಡೊ ಅನ್ನುವವನು 1884ರಲ್ಲಿ ಹಬೆಯಲ್ಲಿ ಕಾಫಿ ಮಾಡುವ ಯಂತ್ರಕ್ಕೆ ಪೇಟೆಂಟ್ ತಗೊಂಡಿದ್ದು ಇದೇ ಊರಿನಲ್ಲಿ. ಆ ಕಾಲದಲ್ಲಿ ಕ್ರೇಮಾ ಇರಲಿಲ್ಲ ಬಿಡಿ. ಅದು ಬಂದಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಮಿಲಾನಿನ ಅಕಿಲ್ಲೆ ಗಾಜಿಯಾ ಸ್ಪ್ರಿಂಗ್ ಲಿವರ್ ಮಷೀನ್ ತಂದಾಗ.

ಕಪ್ ವಿಷಯಕ್ಕೆ ಬರುತ್ತೇನೆ. ಇಲ್ಲಿ ಯಾವ ಕಾಫಿ ಬಾರ್‌ಗೆ ಹೋದರೂ ಒಂದೇ ಕಪ್ಪು: ಬಿಳಿ ಪಿಂಗಾಣಿ, ದಪ್ಪ ಗೋಡೆ, ತಳ ಮೊಟ್ಟೆಯ ಹಾಗೆ ಗುಂಡಗೆ, ಹಿಡಿಯಲ್ಲಿ ಬೆರಳು ಪೂರ್ತಿ ತೂರುವುದಿಲ್ಲ. ಮಷೀನ್ ಮೇಲೆ ಬೋರಲು ಹಾಕಿಟ್ಟಿರುತ್ತಾರೆ, ಮುಟ್ಟಿದರೆ ಬಿಸಿ. ನೇಪಲ್ಸ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಕಪ್ಪನ್ನು ಕುದಿಯುವ ನೀರಿನಲ್ಲೇ ಮುಳುಗಿಸಿಟ್ಟು ಇಕ್ಕಳದಲ್ಲಿ ಎತ್ತಿ ಕೊಡುತ್ತಾರೆ. ಮೊದಲ ಸಲ ನಾನು ತುಟಿ ಸುಟ್ಟುಕೊಂಡೆ. ಪಕ್ಕದಲ್ಲಿದ್ದ ಅಜ್ಜ ನಕ್ಕು ನೀರಿನ ಗ್ಲಾಸ್ ತಳ್ಳಿದ. ನೀರು ಮೊದಲು ಕುಡಿಯಬೇಕಂತೆ, ಬಾಯಿ ಚೊಕ್ಕ ಮಾಡಿಕೊಳ್ಳೋಕೆ.

ಬರೀ ಎಸ್ಪ್ರೆಸೊಗಾದರೆ 60ರಿಂದ 90 ಮಿ.ಲೀ. ಸಾಕು. ಇಟಲಿಯ ಹಳೆ ಲೆಕ್ಕ 7 ಗ್ರಾಂ ಪುಡಿಗೆ 25 ಮಿ.ಲೀ. ಕಾಫಿ, 25 ಸೆಕೆಂಡು. ಈಗಿನವರು 18 ಗ್ರಾಂ ಹಾಕಿ 36 ಗ್ರಾಂ ತೆಗೆಯುತ್ತಾರೆ. ನಿಮ್ಮ ಸಣ್ಣ ಬಾಸ್ಕೆಟ್‌ಗೆ 14ರಿಂದ 16 ಗ್ರಾಂ ಹಿಡಿದರೆ ಹೆಚ್ಚು. 200 ಮಿ.ಲೀ. ಕಪ್ಪಿನಲ್ಲಿ ಅಷ್ಟು ಕಾಫಿ ಹರಡಿಕೊಂಡು ಕ್ರೇಮಾ ತೆಳುವಾಗಿ ಕ್ಷಣದಲ್ಲಿ ಹರಿದುಹೋಗುತ್ತದೆ. ಬೇಗ ಆರುವುದೂ ಅದಕ್ಕೇ.

ಲೆಕ್ಕದಮೇಷ್ಟ್ರು

ಆರುವುದಕ್ಕೆ ಅಗಲ ಒಂದೇ ಕಾರಣ ಅಲ್ಲ. ಸ್ಥೂಲವಾಗಿ ಲೆಕ್ಕ ಹಾಕಿ ನೋಡೋಣ.

ಪಿಂಗಾಣಿ ಕಪ್ಪು 180 ಗ್ರಾಂ ತೂಗುತ್ತದೆ ಅಂದುಕೊಳ್ಳಿ. ಒಂದು ಡಿಗ್ರಿ ಬಿಸಿಯಾಗಲು ಪಿಂಗಾಣಿಗೆ ಅಷ್ಟೇ ತೂಕದ ನೀರಿಗಿಂತ ನಾಲ್ಕೈದು ಪಟ್ಟು ಕಡಿಮೆ ಶಾಖ ಸಾಕು. ಅಂದರೆ ಆ ಕಪ್ಪು ಹೆಚ್ಚುಕಡಿಮೆ 40 ಗ್ರಾಂ ನೀರಿಗೆ ಸಮ. ಈಗ 75 ಡಿಗ್ರಿಯ 36 ಗ್ರಾಂ ಕಾಫಿಯನ್ನು 25 ಡಿಗ್ರಿಯ ಕಪ್ಪಿಗೆ ಬಿಟ್ಟರೆ, ಕಪ್ಪು ಕಾಫಿ ಎರಡೂ ಒಂದೇ ಬಿಸಿಗೆ ಬರುವ ಹೊತ್ತಿಗೆ 49 ಡಿಗ್ರಿ! ಕಪ್ಪು ಮೊದಲೇ 50 ಡಿಗ್ರಿ ಇದ್ದರೆ 62ರ ಹತ್ತಿರ ನಿಲ್ಲುತ್ತದೆ. ಗಾಳಿಗೆ ಹೋಗುವುದನ್ನು ಇದರಲ್ಲಿ ಸೇರಿಸಿಲ್ಲ, ಕಪ್ಪು ಪೂರ್ತಿ ಒಟ್ಟಿಗೆ ಬಿಸಿಯಾಗುವುದೂ ಇಲ್ಲ, ಆದರೂ ವಿಷಯ ಅರ್ಥವಾಯಿತಲ್ವಾ? ತಣ್ಣನೆ ದಪ್ಪ ಕಪ್ಪು ನಿಮ್ಮ ಕಾಫಿಯನ್ನು ನಿಮಗಿಂತ ಮೊದಲೇ ಕುಡಿಯುತ್ತದೆ.

ಧಾರವಾಡಪೇಡೆ

ಮೇಷ್ಟ್ರೇ, ಹಂಗಾದ್ರ ತೆಳು ಕಪ್ಪು ಛಲೋ ಅಲ್ಲೇನ್ರೀ? ನಮ್ಮ ಸ್ಟೀಲ್ ಲೋಟಾ ಇನ್ನೂ ಛಲೋ ಆಗಬೇಕು.

ಲೆಕ್ಕದಮೇಷ್ಟ್ರು

ಒಳ್ಳೆ ಪ್ರಶ್ನೆ ರೀ. ಲೆಕ್ಕದ ಪ್ರಕಾರ ಹೌದು! 80 ಗ್ರಾಂ ಸ್ಟೀಲ್ ಲೋಟ ಹತ್ತು ಗ್ರಾಂ ನೀರಿಗಷ್ಟೇ ಸಮ. ಕಾಫಿ ಸುರಿದ ಗಳಿಗೆಯಲ್ಲಿ ಅದು ಕದಿಯುವುದು ಕಡಿಮೆ. ಆದರೆ ಕದ್ದದ್ದನ್ನು ಇಟ್ಟುಕೊಳ್ಳುವುದಿಲ್ಲ, ನೇರವಾಗಿ ನಿಮ್ಮ ಬೆರಳಿಗೂ ತುಟಿಗೂ ದಾಟಿಸುತ್ತದೆ. ಒಳಗೆ ಕಾಫಿ ಆರುತ್ತಾ ಹೋಗುತ್ತದೆ, ಹೊರಗೆ ಕೈ ಸುಡುತ್ತದೆ. ಲೋಟ ಡಬರಾ ಜೋಡಿ ಹುಟ್ಟಿದ್ದೇ ಆರಿಸಿ ಕುಡಿಯುವುದಕ್ಕೆ. ಎಸ್ಪ್ರೆಸೊಗೆ ಬೇಕಾದ್ದು ಅದಕ್ಕೆ ಉಲ್ಟಾ. ದಪ್ಪ ಕಪ್ಪು ತಗೊಂಡು ಬಿಸಿ ಮಾಡಿ ಇಡುವುದು ವಾಸಿ.

ಹಿತ್ತಾಳೆ ಲೋಟ ತರುತ್ತೇನೆ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಒಳಗೆ ಕಲಾಯಿ ಇಲ್ಲದಿದ್ದರೆ ಬೇಡ. ಕಾಫಿ ಸ್ವಲ್ಪ ಹುಳಿ ಪದಾರ್ಥ.

ಕುಡ್ಲದಹುಡುಗಿ

ಬಿಸಿ ಮಾಡುವುದು ಹೇಗೆ ಅಂತ ಯಾರೂ ಹೇಳಲೇ ಇಲ್ಲವಲ್ಲ ಮಾರಾಯ್ರೆ. ಸಣ್ಣ ಮಷೀನಿನ ತಲೆ ಮೇಲೆ ಕಪ್ ಇಟ್ಟರೆ ಅರ್ಧ ಗಂಟೆಯಾದರೂ ಉಗುರುಬೆಚ್ಚಗೆ ಅಷ್ಟೆ. ನಾನು ಮಾಡುವುದು ಹೀಗೆ: ಪುಡಿ ಹಾಕದೆ, ಬಾಸ್ಕೆಟ್ ಕೂರುವ ಖಾಲಿ ಹಿಡಿಯನ್ನು ಮಷೀನಿಗೆ ಸಿಕ್ಕಿಸಿ, ಕಪ್ ಕೆಳಗಿಟ್ಟು, ಒಂದು ಸಲ ಬಿಸಿನೀರು ಬಿಡುತ್ತೇನೆ. ಬಾಸ್ಕೆಟ್, ಹಿಡಿ, ಕಪ್ ಮೂರೂ ಒಟ್ಟಿಗೆ ಬಿಸಿ. ಆ ನೀರು ಕಪ್ಪಲ್ಲೇ ಇರಲಿ, ಅಷ್ಟರಲ್ಲಿ ಪುಡಿ ಹಾಕಿ ಒತ್ತಿಕೊಳ್ಳಿ. ಕೊನೆಗೆ ನೀರು ಚೆಲ್ಲಿ ಬಟ್ಟೆಯಲ್ಲಿ ಒಳಗೆ ಒರೆಸಿ. ಒರೆಸುವುದು ಮುಖ್ಯ. ತಳದಲ್ಲಿ ಒಂದು ಚಮಚ ನೀರು ಉಳಿದರೂ 30 ಗ್ರಾಂ ಕಾಫಿಗೆ ಅದು ಜಾಸ್ತಿಯೇ.

ಕಪ್ ಕೊಳ್ಳುವಾಗ ಅಳತೆಪಟ್ಟಿ ತಗೊಂಡು ಹೋಗಿ. ನಾನು ಎರಡು ಪದರದ ಗಾಜಿನ ಕಪ್ ಆಸೆಪಟ್ಟು ತಂದೆ. ಹೊರಗೆ ಮುಟ್ಟಿದರೆ ಸುಡಲ್ಲ, ಕ್ರೇಮಾ ಕೆಳಗಿಳಿಯುವುದು ಕಾಣುತ್ತೆ, ಎಲ್ಲ ಸರಿ. ಮನೆಗೆ ಬಂದು ನೋಡಿದರೆ ತಟ್ಟೆ ಮೇಲೆ ತೂಕದ ಯಂತ್ರ ಇಟ್ಟು ಅದರ ಮೇಲೆ ಕಪ್ ಇಡೋಕೆ ಜಾಗವೇ ಇಲ್ಲ, ಅರ್ಧ ಸೆಂಟಿಮೀಟರ್ ಎತ್ತರ ಜಾಸ್ತಿ! ಮೂರು ವಾರ ಕಪ್ಪನ್ನು ಓರೆ ಹಿಡಿದುಕೊಂಡು ನಿಂತೆ. ಆಮೇಲೆ ಒಂದು ದಿನ ಸಿಂಕಿನಲ್ಲಿ ಚಮಚ ತಾಗಿ ಒಳಪದರ ಒಡೆಯಿತು. ನನಗೆ ಬೇಜಾರಾಗಲಿಲ್ಲ.

ಈಗಿರುವುದು ಖುರ್ಜಾದ ಪಿಂಗಾಣಿ, ಮೇಳದಲ್ಲಿ ಸಿಕ್ಕಿದ್ದು, ಹೊರಗೆ ನೀಲಿ ಹೂ, ಒಳಗೆ ಬಿಳಿ. ಒಳಗೆ ಬಿಳಿ ಇರಲಿ. ಕಾಫಿ ಬಣ್ಣ ಗೊತ್ತಾಗಬೇಕಲ್ಲ.

ಪೋ_ನದಿತೀರ

ಬಣ್ಣದ ಬಗ್ಗೆ 2014ರಲ್ಲಿ ಒಂದು ಸಂಶೋಧನೆ ಬಂದಿತ್ತು. ಒಂದೇ ಕಾಫಿಯನ್ನು ಬಿಳಿ, ನೀಲಿ, ಪಾರದರ್ಶಕ ಮಗ್ಗುಗಳಲ್ಲಿ ಕೊಟ್ಟು ನೋಡಿದ್ದರು. ಪಾರದರ್ಶಕ ಮಗ್ಗಿಗಿಂತ ಬಿಳಿಯದರಲ್ಲಿ ಕುಡಿದವರಿಗೆ ಕಾಫಿ ಹೆಚ್ಚು ಗಾಢ, ಕಡಿಮೆ ಸಿಹಿ ಅನ್ನಿಸಿತ್ತಂತೆ. ಅದು ಹಾಲು ಹಾಕಿದ ಕಾಫಿ, ಎಸ್ಪ್ರೆಸೊಗೆ ಎಷ್ಟು ಹೊಂದುತ್ತದೋ ಬಿಡಿ. ಆದರೂ ಇಲ್ಲಿ ಕೆಲವರು ‘ಅಲ್ ವೆತ್ರೊ’ ಅಂತ ಕೇಳಿ ಸಣ್ಣ ಗಾಜಿನ ಲೋಟದಲ್ಲೇ ಕುಡಿಯುತ್ತಾರೆ, ಅದರಲ್ಲೇ ರುಚಿ ಅಂತ ಹಟ.

ಬಸವನಗುಡಿ_ಬಿಸಿಲು

ಕಪ್ ಅರ್ಥವಾಯಿತು. ಇವತ್ತು ಗ್ರೈಂಡರ್ ಆರ್ಡರ್ ಮಾಡಿದೆ, ಯಾವುದು ಅಂತ ಕೇಳಬೇಡಿ, ಮನೆಯಲ್ಲಿ ಬೆಲೆ ಅರ್ಧ ಹೇಳಿದ್ದೇನೆ. ಬೀಜ? ಇಟಲಿಯಿಂದ ಬರುವ ಡಬ್ಬಗಳು ಸಿಗುತ್ತವೆ, ಅದನ್ನೇ ತಗೊಳ್ಳಲಾ? ಎಸ್ಪ್ರೆಸೊ ಅವರದ್ದೇ ಅಲ್ವಾ.

ತೋಟದಮನೆ

ಇಷ್ಟು ಹೊತ್ತು ಸುಮ್ಮನೆ ಓದುತ್ತಾ ಕೂತಿದ್ದೆ, ಇಟಲಿ ಡಬ್ಬ ಅಂದ ಮೇಲೆ ಬರೆಯಲೇಬೇಕಾಯಿತು. ಸಕಲೇಶಪುರದ ಕಡೆ ನಮ್ಮದು ಸಣ್ಣ ತೋಟ. ಮೇಲಿನ ಇಳಿಜಾರಿನಲ್ಲಿ ಅರೇಬಿಕಾ ಜಾತಿಯ ಕಾಫಿ, ಕೆಳಗೆ ರೊಬಸ್ಟಾ ಜಾತಿ.

ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿಯದು ಮೊದಲ ಸಾಲು. ಯಾಕೆ ಹೇಳಿ? ಅವರ ಎಸ್ಪ್ರೆಸೊ ಮಿಶ್ರಣಕ್ಕೆ ರೊಬಸ್ಟಾ ಬೇಕು, ಮೈ ತುಂಬಿದ ಕಾಫಿ, ದಪ್ಪ ಕ್ರೇಮಾ ಬರೋಕೆ. ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ ಸುಲಿದು) ತೊಳೆದು ಒಣಗಿಸಿದ ನಮ್ಮ ರೊಬಸ್ಟಾಕ್ಕೆ ಅಲ್ಲಿ ಒಳ್ಳೆ ಹೆಸರಿದೆ. ಅಂದರೆ ನೀವು ದುಡ್ಡು ಕೊಟ್ಟು ತರಿಸುವ ಡಬ್ಬದಲ್ಲಿ ಕೊಡಗಿನದ್ದೋ ನಮ್ಮ ಕಡೆಯದ್ದೋ ಬೀಜ ಇರಲೂಬಹುದು. ಮಂಗಳೂರಿನಿಂದ ಹಡಗು ಹತ್ತಿ, ಅಲ್ಲಿ ಹುರಿದುಕೊಂಡು, ಮತ್ತೆ ಹಡಗು ಹತ್ತಿ ಬಸವನಗುಡಿಗೆ ಬರುವ ಹೊತ್ತಿಗೆ ಅದಕ್ಕೆ ಎಷ್ಟು ತಿಂಗಳಾಗಿರುತ್ತದೆ ಯೋಚನೆ ಮಾಡಿ. ನಿಮ್ಮೂರಿನ ಕಾಫಿ ವರ್ಕ್ಸ್‌ನಲ್ಲಿ ಇವತ್ತು ಬೆಳಿಗ್ಗೆ ಹುರಿದದ್ದು ಸಿಗುತ್ತದೆ.

ನಮ್ಮ ತಂದೆಯ ಕಾಲದಲ್ಲಿ ಇಂಥ ತೋಟದ ಬೀಜ ಬೇಕು ಅಂತ ಕೇಳುವ ಹಾಗೇ ಇರಲಿಲ್ಲ. ಬೆಳೆದದ್ದೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕಿತ್ತು, ಯಾರದ್ದು ಯಾವುದು ಅಂತ ಗುರುತೇ ಉಳಿಯುತ್ತಿರಲಿಲ್ಲ. 1990ರ ದಶಕದಲ್ಲಿ ಅದು ಹೋಯಿತು. ಈಗ ಪ್ಯಾಕೆಟ್ ಮೇಲೆ ತೋಟದ ಹೆಸರು, ತಳಿ, ಎತ್ತರ ಎಲ್ಲ ಬರೆಯುತ್ತಾರೆ. ಅದನ್ನು ಓದೋಕೆ ಕಲಿಯಿರಿ.

ಬಸವನಗುಡಿ_ಬಿಸಿಲು

ತೋಟದ ಯಜಮಾನರೇ ಸಿಕ್ಕರಲ್ಲ! ಹಾಗಾದರೆ ಸರ್, ಪ್ಯಾಕೆಟ್ ಮೇಲೆ ಏನು ನೋಡಲಿ?

ತೋಟದಮನೆ

ಯಜಮಾನ ಅಂತೆಲ್ಲ ಬೇಡ. ಮಳೆಗಾಲದಲ್ಲಿ ಕರೆಂಟ್ ಇಲ್ಲದೆ ಮೇಣದಬತ್ತಿಯಲ್ಲಿ ಕೂತಿರುವ ಮನುಷ್ಯ ನಾನು.

ಮೊದಲು ಹುರಿದ ತಾರೀಕು. ಅದಿಲ್ಲದಿದ್ದರೆ ಕೆಳಗಿಡಿ. ಹುರಿದ ತಕ್ಷಣ ಬೀಜದೊಳಗೆ ಅನಿಲ ತುಂಬಿಕೊಂಡಿರುತ್ತದೆ, ಎರಡು ದಿನಕ್ಕೇ ಎಸ್ಪ್ರೆಸೊ ಮಾಡಿದರೆ ಬರೀ ನೊರೆ ನೊರೆ, ರುಚಿ ಚುರುಕು. ಒಂದು ವಾರ, ಹತ್ತು ದಿನ ಬಿಡಿ. ಅಲ್ಲಿಂದ ಒಂದು ತಿಂಗಳು ಚೆನ್ನಾಗಿರುತ್ತದೆ. ಆದ್ದರಿಂದ ಅರ್ಧ ಕೆಜಿ ಬೇಡ, 250 ಗ್ರಾಂ ತಗೊಳ್ಳಿ.

ಆಮೇಲೆ ಹುರಿದ ಹದ. ಎಸ್ಪ್ರೆಸೊಗೆ ಹೊಸಬರು ಮಧ್ಯಮದಿಂದ ತುಸು ಕಪ್ಪಿನ ಕಡೆಗೆ ಇರುವುದು ಹಿಡಿಯಬೇಕು. ಫಿಲ್ಟರ್ ಕಾಫಿ ನಾಲಿಗೆಗೆ ಅದೇ ಒಗ್ಗುವುದು. ಹಣ್ಣಿನ ಪರಿಮಳ, ನಿಂಬೆ, ಹೂವು ಅಂತೆಲ್ಲ ಬರೆದಿರುವ ತಿಳಿ ಹುರಿದ ಬೀಜದಲ್ಲಿ ಸಣ್ಣ ಮಷೀನ್ ಒದ್ದಾಡುತ್ತದೆ. ಬೀಜ ಗಟ್ಟಿ, ರಸ ಬಿಡುವುದು ಕಷ್ಟ, ಹುಳಿಯಾಗಿ ಬರುತ್ತದೆ.

ತಳಿ ಅಂದರೆ, ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಎಸ್ 795. ಕೆಂಟ್ ಮತ್ತು ಎಸ್ 288 ಸೇರಿಸಿ ಮಾಡಿದ ಹಳೆ ತಳಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ್ದು. ಹದವಾದ ಹುಳಿ, ಒಳ್ಳೆ ಮೈ. ಸೆಲೆಕ್ಷನ್ 9 ಸಿಕ್ಕರೆ ಅದೂ ಚೆನ್ನ. ಚಂದ್ರಗಿರಿ ಈಚಿನದು, ಗಿಡ್ಡ ಗಿಡ. ಅರೇಬಿಕಾ 70–80 ಭಾಗ, ತೊಳೆದ ರೊಬಸ್ಟಾ 20–30 ಭಾಗ ಇರುವ ಮಿಶ್ರಣದಿಂದ ಶುರು ಮಾಡಿ. ‘100% ಅರೇಬಿಕಾ’ ಅಂತ ಬರೆದರೆ ಮಾತ್ರ ಒಳ್ಳೆಯದು ಅಂತ ಯಾರು ಕಲಿಸಿದರೋ, ನಮ್ಮ ರೊಬಸ್ಟಾ ಗಿಡ ಕೇಳಿಸಿಕೊಂಡರೆ ನೊಂದುಕೊಳ್ಳುತ್ತದೆ.

ಲೋಟಡಬರಾ

ಇದಕ್ಕೆ ನನ್ನ ತಕರಾರಿದೆ ಅಣ್ಣಾ. ಕಳಪೆ ರೊಬಸ್ಟಾ ರಬ್ಬರ್ ಸುಟ್ಟ ವಾಸನೆ ಬರುತ್ತೆ. ಮಿಶ್ರಣ ಅಂತ ಹೇಳಿ ಅದನ್ನೇ ತುರುಕುವವರು ಇದ್ದಾರೆ. ಕೆಫೀನೂ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು, ರಾತ್ರಿ ಎಂಟಕ್ಕೆ ಕುಡಿದು ನಾನು ಎರಡು ಗಂಟೆವರೆಗೆ ಫ್ಯಾನ್ ನೋಡಿದ್ದೇನೆ.

ತೋಟದಮನೆ

ಕಳಪೆ ಅರೇಬಿಕಾ ಹುಣಸೆಹಣ್ಣಿನ ನೀರಿನ ಥರ ಇರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಗಿಡದಲ್ಲೇ ಒಣಗಿದ್ದು, ನೆಲಕ್ಕೆ ಬಿದ್ದದ್ದು ಎಲ್ಲ ಬಾಚಿ ಕಣದಲ್ಲಿ ಹರಡಿದ ಚೆರ್ರಿ ರೊಬಸ್ಟಾ ಬೇರೆ. ಹಣ್ಣು ನೋಡಿ ಕುಯ್ದು, ಪಲ್ಪ್ ಮಾಡಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ರೊಬಸ್ಟಾ ಬೇರೆ. ಪ್ಯಾಕೆಟ್ ಮೇಲೆ ‘ಕಾಪಿ ರಾಯಲ್’ ಅಂತ ಕಂಡರೆ ಅದು ಈ ಎರಡನೆಯ ಜಾತಿಯಲ್ಲಿ ಮೇಲಿನ ದರ್ಜೆ. ಒಂದು ಸಲ ಕುಡಿದು ಆಮೇಲೆ ಜಗಳಕ್ಕೆ ಬನ್ನಿ. ರಾತ್ರಿ ಎಂಟಕ್ಕೆ ಬೇಡ.

ಕುಡ್ಲದಹುಡುಗಿ

ಮಾನ್ಸೂನ್ಡ್ ಮಲಬಾರ್ ಬಿಟ್ಟೇಬಿಟ್ಟಿರಿ. ನಮ್ಮ ಕರಾವಳಿಯದ್ದು! ಮಳೆಗಾಲದಲ್ಲಿ ಗೋದಾಮಿನಲ್ಲಿ ಬೀಜ ಹರಡಿ ತೇವದ ಗಾಳಿ ಕುಡಿಸುತ್ತಾರೆ. ಹಸಿರು ಬೀಜ ಊದಿಕೊಂಡು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತೆ, ಹುಳಿ ಎಲ್ಲ ಹೋಗಿ ಮೈ ಮಾತ್ರ ಉಳಿಯುತ್ತೆ. ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಯೂರೋಪಿಗೆ ಹೋಗುವಾಗ ತಾನಾಗಿಯೇ ಹಾಗಾಗುತ್ತಿತ್ತು. ಹಡಗು ವೇಗವಾದ ಮೇಲೆ ಆ ರುಚಿ ಬೇಕು ಅಂತ ಇಲ್ಲೇ ಮಾಡತೊಡಗಿದರು. ಹುಳಿ ಆಗದವರಿಗೆ ಎಸ್ಪ್ರೆಸೊಗೆ ಇದು ಬಹಳ ಒಳ್ಳೆಯದು. ಬೀಜ ಮೆತ್ತಗೆ, ಗ್ರೈಂಡರ್ ಹದ ಮಾತ್ರ ಬೇರೆಯೇ ಇಟ್ಟುಕೊಳ್ಳಬೇಕು.

ಧಾರವಾಡಪೇಡೆ

ನಮ್ಮ ಮನ್ಯಾಗ ಚಿಕೋರಿ ಹಾಕಿದ ಪುಡಿ ಐತಿ. ಒಂದು ಸಲ ಅದನ್ನ ಈ ಮಷೀನಿಗೆ ಹಾಕಿ ನೋಡಿದೆ. ಹನಿ ಸೈತ ಬರಲಿಲ್ಲ, ಆಮ್ಯಾಲ ಹಿಡಿ ಬಿಚ್ಚಿದ್ರ ಫಟ್ ಅಂತ ಸಿಡಿದು ಗ್ವಾಡಿ ತುಂಬ ಕಾಫಿ. ನಮ್ಮವ್ವ ಇನ್ನೂ ಬೈತಾಳ.

ಲೋಟಡಬರಾ

ಚಿಕೋರಿ ಬಿಸಿನೀರಲ್ಲಿ ಅಂಟು ಅಂಟಾಗಿ ಜರಡಿ ಮುಚ್ಚಿಕೊಳ್ಳುತ್ತೆ. ಒಳಗೆ ಒತ್ತಡ ಇನ್ನೂ ಉಳಿದಿರುವಾಗ ಹಿಡಿ ಬಿಚ್ಚಲೇಬಾರದು, ಮಷೀನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಕೈ ಸುಡಲಿಲ್ಲವಲ್ಲ, ಪುಣ್ಯ.

ಬಸವನಗುಡಿ_ಬಿಸಿಲು

ಎಲ್ಲರಿಗೂ ವರದಿ. ನಮ್ಮ ರಸ್ತೆಯ ಕಾಫಿ ವರ್ಕ್ಸ್‌ಗೆ ಹೋದೆ. ‘ಪ್ಲಾಂಟೇಷನ್ ಎ ಮುಕ್ಕಾಲು ಭಾಗ, ರೊಬಸ್ಟಾ ಪಾರ್ಚ್‌ಮೆಂಟ್ ಕಾಲು ಭಾಗ, ಒಟ್ಟು 250 ಗ್ರಾಂ, ಬೀಜವೇ ಕೊಡಿ, ಪುಡಿ ಮಾಡಬೇಡಿ, ಚಿಕೋರಿ ಬೇಡ’ ಅಂದೆ (ಪ್ಲಾಂಟೇಷನ್ ಎ ಅಂದರೆ ತೊಳೆದ ಅರೇಬಿಕಾದ ಒಂದು ದರ್ಜೆ). ಅಂಗಡಿಯವರು ಕನ್ನಡಕ ಕೆಳಗಿಳಿಸಿ ನೋಡಿದರು. ‘ಬೀಜ ತಗೊಂಡು ಏನ್ ಮಾಡ್ತೀರ ಸಾರ್?’ ಎಸ್ಪ್ರೆಸೊ ಅಂದೆ. ‘ಓ, ಆ ಒಂದು ಗುಟುಕು ಕಾಫಿನಾ’ ಅಂದರು. ಆದರೂ ಕೇಳಿದ ಮೇಲೆ ಪ್ಯಾಕೆಟ್ ಮೇಲೆ ಪೆನ್ನಿನಲ್ಲಿ ಹುರಿದ ತಾರೀಕು ಬರೆದುಕೊಟ್ಟರು, ಹಿಂದಿನ ದಿನದ್ದು. ಎಂಟು ದಿನ ಗಾಳಿಯಾಡದ ಡಬ್ಬಿಯಲ್ಲಿ ಕಪಾಟಿನೊಳಗೆ ಇಟ್ಟೆ. ಫ್ರಿಜ್‌ನಲ್ಲಿ ಇಡೋಕೆ ಹೆಂಡತಿ ಹೇಳಿದಳು, ತೇವ ಹಿಡಿಯುತ್ತೆ ಅಂತ ಬೇಡ ಅಂದೆ. ತಪ್ಪಾಯಿತಾ?

ತೋಟದಮನೆ

ಸರಿಯಾಗಿಯೇ ಮಾಡಿದಿರಿ. ಫ್ರಿಜ್‌ನಲ್ಲಿ ಬೆಳ್ಳುಳ್ಳಿ ಪಕ್ಕ ಕಾಫಿ ಬೀಜ ಇಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬಸವನಗುಡಿ_ಬಿಸಿಲು

ಎರಡನೇ ವರದಿ. ಗ್ರೈಂಡರ್ ಬಂತು, ಜರಡಿ ಬಾಸ್ಕೆಟ್ ಹಾಕಿದೆ. ಪುಡಿ 15 ಗ್ರಾಂ. ಮೊದಲನೆಯದು 14 ಸೆಕೆಂಡು, ಹುಳಿ. ಗ್ರೈಂಡರಿನ ತಿರುಪು ನಾಲ್ಕು ಕ್ಲಿಕ್ ತಿರುಗಿಸಿ ಪುಡಿ ನುಣ್ಣಗೆ ಮಾಡಿದೆ, 50 ಸೆಕೆಂಡು, ಹನಿ ಹನಿ, ಬೇವಿನಂಥ ಕಹಿ. ಎರಡು ಕ್ಲಿಕ್ ಹಿಂದಕ್ಕೆ ತಂದೆ. 29 ಸೆಕೆಂಡಿಗೆ 31 ಗ್ರಾಂ. ಇಲಿಬಾಲದ ಹಾಗೆ ಸಣ್ಣಗೆ ಕಂದು ದಾರ ಇಳಿಯಿತು, ಕೊನೆಗೆ ಬಣ್ಣ ತಿಳಿಯಾದಾಗ ನಿಲ್ಲಿಸಿದೆ. ಬೆಲ್ಲದ ಪಾಕ ಸ್ವಲ್ಪ ಜಾಸ್ತಿ ಕಾಯಿಸಿದಾಗ ಬರುತ್ತಲ್ಲ, ಆ ಥರದ ಕಹಿ. ಸಕ್ಕರೆ ಹಾಕದೆ ಮುಗಿಸಿದೆ.

ಕಪ್ ಇನ್ನೂ ಹೊಸದು ತಂದಿಲ್ಲ. ಅಟ್ಟದಲ್ಲಿ ಹುಡುಕಿದಾಗ ಅಜ್ಜಿ ಕಾಲದ ಬಿಳಿ ಪಿಂಗಾಣಿ ಬಟ್ಟಲು ಎರಡು ಸಿಕ್ಕವು. ಹಿಡಿ ಇಲ್ಲ, ದಪ್ಪ, ತಳ ಗುಂಡಗೆ. ನೀರು ತುಂಬಿ ತೂಕ ಹಾಕಿದೆ, ಅಂಚಿನವರೆಗೆ 85 ಗ್ರಾಂ. ಅಮ್ಮನನ್ನು ಕೇಳಿದರೆ ಅದರಲ್ಲಿ ಮಕ್ಕಳಿಗೆ ಕಷಾಯ ಕೊಡುತ್ತಿದ್ದರಂತೆ.

ಪೋ_ನದಿತೀರ

ಅದೇ ಸರಿಯಾದ ಕಪ್ಪು, ಹೊಸದು ತರಬೇಡಿ. ಒಳಗೆ ಬಿರುಕು ಇದೆಯಾ ಅಂತ ಮಾತ್ರ ಬೆಳಕಿಗೆ ಹಿಡಿದು ನೋಡಿ. ಮೇಲಿನ ಹೊಳಪಿನಲ್ಲಿ ಕೂದಲೆಳೆ ಬಿರುಕಿದ್ದರೆ ಕಾಫಿ ಕಲೆ ಒಳಗೆ ಕೂರುತ್ತದೆ, ಹಳೆ ವಾಸನೆ ಹೋಗುವುದಿಲ್ಲ.

ಬಸವನಗುಡಿ_ಬಿಸಿಲು

ಒಂದರಲ್ಲಿ ಬಿರುಕಿದೆ, ಒಂದು ಚೊಕ್ಕವಾಗಿದೆ. ಚೊಕ್ಕವಾಗಿರುವುದನ್ನು ಅಮ್ಮ ಆಗಲೇ ತಗೊಂಡಾಯಿತು. ನಾಳೆಯಿಂದ ಅವರಿಗೂ ಒಂದು ಬೇಕಂತೆ, ಸಕ್ಕರೆ ಎರಡು ಚಮಚ. ಮೇಳ ಎಲ್ಲಿ ಹಾಕುತ್ತಾರೆ ಹೇಳಿ ಕುಡ್ಲದ ಮೇಡಂ, ಆ ನೀಲಿ ಹೂವಿನದ್ದು.